ನಿಮ್ಮೂರಿನ ರೇಡಿಯೋ ಸ್ಟೇಷನ್ ಇಂಟರ್‌ನೆಟ್‌ನಲ್ಲಿ ಕೇಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಎಫ್‌ಎಂ ಅಲೆ ಹೆಚ್ಚು ದೂರ ಹೋಗುವುದಿಲ್ಲ. ಟವರ್ ಎಷ್ಟೇ ಎತ್ತರವಿರಲಿ, ಹತ್ತಾರು ಕಿಲೋಮೀಟರ್ ದಾಟಿದರೆ ಹಾಡಿನ ಜೊತೆ ಕರಕರ ಶುರುವಾಗುತ್ತದೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಕರಕರ ಮಾತ್ರ ಉಳಿಯುತ್ತದೆ. ಹೀಗಾಗಿ ಊರು ಬಿಟ್ಟವರಿಗೆ ಊರಿನ ಸ್ಟೇಷನ್ನೂ ತಪ್ಪಿಹೋಗುತ್ತಿತ್ತು. 1994ರ ನವೆಂಬರ್‌ನಲ್ಲಿ ಅಮೆರಿಕದ ಚಾಪೆಲ್ ಹಿಲ್‌ನಲ್ಲಿರುವ ಡಬ್ಲ್ಯುಎಕ್ಸ್‌ವೈಸಿ ಎಂಬ ವಿದ್ಯಾರ್ಥಿಗಳ ಸ್ಟೇಷನ್ ತನ್ನ ಎಫ್‌ಎಂ ಪ್ರಸಾರವನ್ನು ಹಾಗೇ ಇಂಟರ್‌ನೆಟ್‌ಗೂ ಬಿಟ್ಟಿತು. ಹಾಗೆ ಮಾಡಿದ ಮೊದಮೊದಲ ಸ್ಟೇಷನ್‌ಗಳಲ್ಲಿ ಅದೂ ಒಂದು. ಈಗ ಒಂದೇ ಕೋಣೆಯಿಂದ ನಡೆಯುವ ಸಮುದಾಯ ರೇಡಿಯೋ ಕೂಡ ನೆಟ್‌ನಲ್ಲಿ ಸಿಗುತ್ತದೆ.

ಸಿಗುತ್ತದೆ ನಿಜ. ಆದರೆ ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ, ಸಿಕ್ಕಿದ್ದು ಅಲ್ಲೇ ಇರುತ್ತದೆ ಅಂತಲೂ ಇಲ್ಲ. ಇವತ್ತು ಒಂದು ಆ್ಯಪ್‌ನಲ್ಲಿ ಬರುತ್ತಿದ್ದ ಸ್ಟೇಷನ್ ನಾಳೆ ಅಲ್ಲಿಂದ ಮಾಯವಾಗಬಹುದು. ಆಗ ಎಷ್ಟೋ ಜನ ಸ್ಟೇಷನ್ನೇ ಮುಚ್ಚಿತು ಅಂದುಕೊಂಡು ಕೇಳುವುದನ್ನೇ ಬಿಡುತ್ತಾರೆ. ಅಲ್ಲಿ ಸ್ಟೇಷನ್ ಮಾತ್ರ ಎಂದಿನಂತೆ ಮಾತಾಡುತ್ತಲೇ ಇರುತ್ತದೆ. ಅದಕ್ಕೇ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇಷ್ಟು: ಹುಡುಕಲು ಯಾವ ಆ್ಯಪ್ ಬೇಕಾದರೂ ಬಳಸಿ, ಆದರೆ ಸ್ಟೇಷನ್ನಿನ ಸ್ಟ್ರೀಮ್ ವಿಳಾಸ, ಅಂದರೆ ನೆಟ್‌ನಲ್ಲಿ ಅದರ ಧ್ವನಿ ಬರುವ ನೇರ ವಿಳಾಸ, ನಿಮ್ಮ ಕೈಲಿರಲಿ. ಅದೊಂದಿದ್ದರೆ ಯಾವ ಆ್ಯಪ್ ಹೋದರೂ ಚಿಂತೆಯಿಲ್ಲ.

## ಮೊದಲು ಸ್ಟೇಷನ್ನಿನ ಸ್ವಂತ ವೆಬ್‌ಸೈಟ್

ನೇರವಾಗಿ ಆ್ಯಪ್ ಸ್ಟೋರ್‌ಗೆ ಹೋಗಬೇಡಿ. ಮೊದಲು ಸ್ಟೇಷನ್ನಿನ ಹೆಸರು ಮತ್ತು ಊರಿನ ಹೆಸರು ಸೇರಿಸಿ ಹುಡುಕಿ, ಅವರ ವೆಬ್‌ಸೈಟ್ ತೆರೆಯಿರಿ. ಮೇಲ್ಭಾಗದಲ್ಲೋ ಪುಟದ ಅಡಿಯಲ್ಲೋ ‘ಲೈವ್’, ‘ಲಿಸನ್ ಲೈವ್’, ‘ಆನ್ ಏರ್’ ಅಂತ ಒಂದು ಬಟನ್ ಇರುತ್ತದೆ. ಒತ್ತಿ. ಸದ್ದು ಬಂತು ಅಂದರೆ ಅರ್ಧ ಕೆಲಸ ಆದಂತೆ.

ಸದ್ದು ಬಂದ ಮೇಲೆ ಕೇಳುತ್ತಿರುವುದು ನಿಮ್ಮೂರಿನದೇ ಹೌದಾ ಅಂತ ನೋಡಿಕೊಳ್ಳಿ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಒಂದೇ ಹೆಸರಿನಲ್ಲಿ ಹಲವು ಊರುಗಳಲ್ಲಿ ನಡೆಯುವ ಸ್ಟೇಷನ್‌ಗಳಿವೆ. ಅವುಗಳಲ್ಲಿ ಕೆಲವು ನೆಟ್‌ಗೆ ಬಿಡುವುದು ಒಂದೇ ಸ್ಟ್ರೀಮ್. ಹೆಸರು ಅದೇ, ಹಾಡುಗಳೂ ಅವೇ, ಆದರೆ ಹವಾಮಾನ ಹೇಳುವುದು ಬೇರೆ ಊರಿನದು. ಇದನ್ನು ಕಂಡುಹಿಡಿಯಲು ಗಂಟೆ ಮುಗಿಯುವ ಎರಡು ನಿಮಿಷ ಮೊದಲು ಕಿವಿಗೊಡಿ. ಬಹಳಷ್ಟು ಸ್ಟೇಷನ್‌ಗಳು ಗಂಟೆ ತಿರುಗುವ ಹೊತ್ತಿಗೆ ತಮ್ಮ ಹೆಸರು, ಊರು, ಫ್ರೀಕ್ವೆನ್ಸಿ ಹೇಳುತ್ತವೆ. ಅಲ್ಲಿ ನಿಮ್ಮೂರಿನ ಹೆಸರು ಬಂದರೆ ಸರಿ. ಜಾಹೀರಾತು ನೋಡಿ ತೀರ್ಮಾನಿಸಬೇಡಿ, ಯಾಕೆಂದರೆ ನೆಟ್‌ನಲ್ಲಿ ಕೇಳುವವರಿಗೆ ಬೇರೆಯೇ ಜಾಹೀರಾತು ತುರುಕುವ ವ್ಯವಸ್ಥೆ ಹಲವು ಕಡೆ ಇದೆ.

## ವೆಬ್‌ಸೈಟ್ ಇಲ್ಲವೇ? ಪಟ್ಟಿಗಳಲ್ಲಿ ಹುಡುಕಿ

ಸ್ಟೇಷನ್‌ಗಳನ್ನು ಒಂದೆಡೆ ಸೇರಿಸಿಟ್ಟ ಸೇವೆಗಳು ಹಲವಿವೆ. ಮೂರನ್ನು ಗೊತ್ತುಮಾಡಿಕೊಂಡರೆ ಸಾಕು.

ರೇಡಿಯೋ ಗಾರ್ಡನ್ 2016ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾಯಿತು. ತೆರೆದ ಕೂಡಲೇ ತಿರುಗುವ ಭೂಗೋಳ ಕಾಣುತ್ತದೆ, ಅದರ ಮೇಲೆ ತುಂಬಾ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಸ್ಟೇಷನ್‌ಗಳಿರುವ ಒಂದೊಂದು ಊರು. ಸ್ಟೇಷನ್ನಿನ ಹೆಸರು ಮರೆತು ಊರು ಮಾತ್ರ ನೆನಪಿರುವವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಊರಿನ ಮೇಲೆ ತಂದು ನಿಲ್ಲಿಸಿದರೆ ಅಲ್ಲಿನ ಸ್ಟೇಷನ್‌ಗಳ ಪಟ್ಟಿ ಬರುತ್ತದೆ.

ಟ್ಯೂನ್‌ಇನ್ ಹಳೆಯದು, ದೊಡ್ಡದು. ಕಾರಿನ ಸ್ಕ್ರೀನ್, ಸ್ಮಾರ್ಟ್ ಸ್ಪೀಕರ್, ಟಿವಿ ಹೀಗೆ ಬೇಕಾದಷ್ಟು ಸಾಧನಗಳಲ್ಲಿ ಸಿಗುತ್ತದೆ. ಜಾಹೀರಾತು ಜಾಸ್ತಿ. ಹಣ ಕೊಟ್ಟು ಚಂದಾದಾರರಾಗಿ ಅಂತಲೂ ಕೇಳುತ್ತಿರುತ್ತದೆ. ಮಾಮೂಲಿ ಸ್ಟೇಷನ್ ಕೇಳಲು ಅದರ ಅಗತ್ಯ ಇಲ್ಲ.

ನನಗೆ ತುಂಬಾ ಇಷ್ಟವಾದದ್ದು ರೇಡಿಯೋ ಬ್ರೌಸರ್. ಇದು ಕೇಳುಗರೇ ಸೇರಿ ಕಟ್ಟಿದ ಪಟ್ಟಿ, ವಿಕಿಪೀಡಿಯಾದ ರೀತಿ. ಯಾರು ಬೇಕಾದರೂ ಸ್ಟೇಷನ್ ಸೇರಿಸಬಹುದು, ಯಾರು ಬೇಕಾದರೂ ಈ ಪಟ್ಟಿಯನ್ನು ತಮ್ಮ ಆ್ಯಪ್‌ನಲ್ಲಿ ಬಳಸಬಹುದು. ಪ್ರತಿ ಸ್ಟೇಷನ್ನಿನ ನಿಜವಾದ ಸ್ಟ್ರೀಮ್ ವಿಳಾಸ, ಎಷ್ಟು ಕೆಬಿಪಿಎಸ್ (ಸೆಕೆಂಡಿಗೆ ಹರಿಯುವ ಡೇಟಾದ ಅಳತೆ), ಯಾವ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳಿಸುವ ಬಗೆ) ಎಲ್ಲವೂ ಅಲ್ಲೇ ಇರುತ್ತದೆ. ಮುಚ್ಚಿಡುವುದೇನೂ ಇಲ್ಲ. ನಿಮ್ಮೂರಿನ ಸ್ಟೇಷನ್ ಅಲ್ಲಿ ಇಲ್ಲದಿದ್ದರೆ ನೀವೇ ಸೇರಿಸಿ. ಐದು ನಿಮಿಷದ ಕೆಲಸ, ಎಲ್ಲೆಲ್ಲೋ ಇರುವ ನಿಮ್ಮೂರಿನವರಿಗೆಲ್ಲ ಉಪಯೋಗಕ್ಕೆ ಬರುತ್ತದೆ.

ಹೆಸರು ಹಾಕಿದರೆ ಸಿಗದಿದ್ದಾಗ ಫ್ರೀಕ್ವೆನ್ಸಿ ಹಾಕಿ ನೋಡಿ. 91.1 ಅಂತ ಬರೆದು ಜೊತೆಗೆ ಊರಿನ ಹೆಸರು ಸೇರಿಸಿ. ಸ್ಟೇಷನ್‌ಗಳು ಮಾಲೀಕರು ಬದಲಾದಾಗ ಹೆಸರು ಬದಲಿಸುತ್ತವೆ, ಫ್ರೀಕ್ವೆನ್ಸಿ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಊರಿನ ಹೆಸರಿನ ಹಳೆಯ ಮತ್ತು ಹೊಸ ಕಾಗುಣಿತ ಎರಡನ್ನೂ ಪ್ರಯತ್ನಿಸಿ. ಅಮೆರಿಕದಂಥ ಕಡೆ ಪ್ರತಿ ಸ್ಟೇಷನ್ನಿಗೂ ಕಾಲ್ ಸೈನ್ ಎಂಬ ಗುರುತಿನ ಅಕ್ಷರಗಳು ಇರುತ್ತವೆ, ಹೆಚ್ಚಾಗಿ ನಾಲ್ಕು. ಅವು ಗೊತ್ತಿದ್ದರೆ ಒಂದೇ ಸಲಕ್ಕೆ ಸಿಗುತ್ತದೆ.

## ಸ್ಟ್ರೀಮ್ ವಿಳಾಸ ತೆಗೆಯುವುದು

ಇದೇ ಮುಖ್ಯ ಭಾಗ. ಕಂಪ್ಯೂಟರ್ ಮುಂದೆ ಕೂತು ಮಾಡಿದರೆ ಒಳ್ಳೆಯದು. ಮೊಬೈಲ್‌ನಲ್ಲಿ ಮಾಡುವುದು ಕಷ್ಟ.

ನೀವು ಪ್ಲೇ ಬಟನ್ ಒತ್ತಿದಾಗ ಬ್ರೌಸರ್ ಯಾವುದೋ ಒಂದು ಸರ್ವರ್‌ಗೆ ಹೋಗಿ ಅಲ್ಲಿಂದ ಧ್ವನಿ ಎಳೆದುಕೊಳ್ಳುತ್ತದೆ. ಆ ಸರ್ವರ್‌ನ ವಿಳಾಸವೇ ನಮಗೆ ಬೇಕು. ವೆಬ್‌ಸೈಟಿನ ವಿಳಾಸ ಬೇರೆ, ಇದು ಬೇರೆ.

ಸುಲಭದ ದಾರಿ ಮೊದಲು. ಕೆಲವು ಸ್ಟೇಷನ್‌ಗಳ ಪುಟದಲ್ಲಿ ‘ಎಂ3ಯು’ ಅಥವಾ ‘ಪಿಎಲ್‌ಎಸ್’ ಅಂತ ಸಣ್ಣ ಲಿಂಕ್ ಇರುತ್ತದೆ. ಒತ್ತಿದರೆ ಒಂದು ಪುಟ್ಟ ಫೈಲ್ ಡೌನ್‌ಲೋಡ್ ಆಗುತ್ತದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಒಳಗೆ ಹಾಡೇನೂ ಇಲ್ಲ, ಬರೀ ಕೆಲವು ಸಾಲು ಅಕ್ಷರ. ಪಿಎಲ್‌ಎಸ್ ಆದರೆ ‘ಫೈಲ್1’, ‘ಫೈಲ್2’ ಅಂತ ಸಾಲುಗಳಿದ್ದು, ಸಮ ಚಿಹ್ನೆಯ ಮುಂದೆ ಎಚ್‌ಟಿಟಿಪಿ ಎಂದು ಶುರುವಾಗುವ ವಿಳಾಸ ಇರುತ್ತದೆ. ಮೊದಲನೆಯದು ಕೈಕೊಟ್ಟರೆ ಇರಲಿ ಅಂತ ಎರಡನೆಯದನ್ನು ಕೊಟ್ಟಿರುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಫೈಲ್ ಒಳಗಿನ ವಿಳಾಸಕ್ಕಿಂತ, ಆ ಫೈಲಿನದೇ ವಿಳಾಸ ಬರೆದಿಟ್ಟುಕೊಳ್ಳುವುದು ಎಷ್ಟೋ ಸಲ ಮೇಲು. ಸ್ಟೇಷನ್ನಿನವರು ಸರ್ವರ್ ಬದಲಿಸಿದಾಗ ಫೈಲ್ ಒಳಗಿನ ಸಾಲನ್ನು ಬದಲಿಸುತ್ತಾರೆ, ಫೈಲಿನ ವಿಳಾಸ ಹಾಗೇ ಉಳಿಯುತ್ತದೆ. ವಿಎಲ್‌ಸಿಯಂಥ ಪ್ಲೇಯರ್ ಎರಡನ್ನೂ ಅರ್ಥ ಮಾಡಿಕೊಳ್ಳುತ್ತದೆ. ನಿಮ್ಮ ಆ್ಯಪ್‌ಗೆ ಫೈಲಿನ ವಿಳಾಸ ಹಿಡಿಸದಿದ್ದರೆ ಮಾತ್ರ ಒಳಗಿನದನ್ನು ಕೊಡಿ.

ಅಂಥ ಲಿಂಕ್ ಇಲ್ಲದಿದ್ದರೆ ಬ್ರೌಸರ್ ಒಳಗೇ ಇಣುಕಬೇಕು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಯಾವುದಾದರೂ ಆಗುತ್ತದೆ.

1. ಸ್ಟೇಷನ್ನಿನ ಪುಟ ತೆರೆದು ಎಫ್12 ಕೀ ಒತ್ತಿ. ಪಕ್ಕದಲ್ಲೋ ಕೆಳಗೋ ಒಂದು ಪಟ್ಟಿ ತೆರೆದುಕೊಳ್ಳುತ್ತದೆ.
2. ಅದರಲ್ಲಿ ‘ನೆಟ್‌ವರ್ಕ್’ ಟ್ಯಾಬ್‌ಗೆ ಹೋಗಿ. ಈಗ ಪುಟವನ್ನು ರಿಫ್ರೆಶ್ ಮಾಡಿ. ಟ್ಯಾಬ್ ತೆರೆಯುವ ಮೊದಲು ನಡೆದದ್ದು ಅಲ್ಲಿ ದಾಖಲಾಗಿರುವುದಿಲ್ಲ, ಅದಕ್ಕೇ ಈ ರಿಫ್ರೆಶ್.
3. ಮೇಲಿನ ಸಾಲಿನಲ್ಲಿ ‘ಮೀಡಿಯಾ’ ಆರಿಸಿ, ಆಮೇಲೆ ಪುಟದಲ್ಲಿ ಪ್ಲೇ ಒತ್ತಿ.
4. ಹೊಸದಾಗಿ ಒಂದು ಸಾಲು ಬರುತ್ತದೆ. ಅದು ಮುಗಿಯುವುದೇ ಇಲ್ಲ, ಹಾಡು ನಡೆಯುವಷ್ಟು ಹೊತ್ತೂ ಬಾಕಿ ಅಂತಲೇ ತೋರಿಸುತ್ತಿರುತ್ತದೆ. ಅದೇ ನಮ್ಮ ಸ್ಟ್ರೀಮ್. ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಕಾಪಿ ಯುಆರ್‌ಎಲ್’ ಕೊಡಿ.

ಮೀಡಿಯಾ ಸಾಲಿನಲ್ಲಿ ಏನೂ ಬರಲಿಲ್ಲ, ಆದರೆ ಹಾಡು ಕೇಳುತ್ತಿದೆ ಅಂದರೆ ಆ ಸ್ಟೇಷನ್ ಎಚ್‌ಎಲ್‌ಎಸ್ ಬಳಸುತ್ತಿರಬಹುದು. ಆಪಲ್ 2009ರಲ್ಲಿ ತಂದ ಪದ್ಧತಿ ಇದು. ಧ್ವನಿಯನ್ನು ಕೆಲವು ಸೆಕೆಂಡಿನ ಚೂರುಗಳಾಗಿ ಕತ್ತರಿಸಿ ಕಳಿಸುತ್ತದೆ. ಆಗ ಮೀಡಿಯಾ ಬಿಟ್ಟು ‘ಆಲ್’ ಆರಿಸಿ, ಫಿಲ್ಟರ್ ಚೌಕದಲ್ಲಿ ಎಂ3ಯು8 ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಕೆಲವು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಬರುವ ಸಾಲುಗಳು ಕಾಣುತ್ತವೆ. ಅವನ್ನು ಬಿಟ್ಟು ಎಲ್ಲಕ್ಕಿಂತ ಮೊದಲು ಬಂದ ಸಾಲನ್ನು ಕಾಪಿ ಮಾಡಿ. ಸಾಮಾನ್ಯವಾಗಿ ಅದೇ ಮುಖ್ಯ ಪಟ್ಟಿ. ನೆಟ್ ವೇಗ ನೋಡಿಕೊಂಡು ಗುಣಮಟ್ಟ ಏರಿಸಿ ಇಳಿಸುವುದು ಅದರಿಂದಲೇ ಆಗುತ್ತದೆ.

ವಿಳಾಸ ಸಿಕ್ಕ ಮೇಲೆ ಅದರ ಬಾಲ ನೋಡಿ. ಪ್ರಶ್ನಾರ್ಥಕ ಚಿಹ್ನೆ ಇದ್ದು, ಅದರ ಮುಂದೆ ಅರ್ಥವಾಗದ ಉದ್ದನೆಯ ಅಕ್ಷರಗಳ ಸಾಲು ಇದ್ದರೆ, ಅದು ನಿಮ್ಮ ಈ ಭೇಟಿಗೆ ಮಾತ್ರ ಕೊಟ್ಟ ಟೋಕನ್ ಆಗಿರಬಹುದು. ಪ್ರಶ್ನಾರ್ಥಕದಿಂದ ಮುಂದಿನದೆಲ್ಲ ಅಳಿಸಿ ಪ್ಲೇ ಮಾಡಿ ನೋಡಿ. ನಡೆದರೆ ಅಷ್ಟನ್ನೇ ಇಟ್ಟುಕೊಳ್ಳಿ. ನಡೆಯದಿದ್ದರೆ ಪೂರ್ತಿ ವಿಳಾಸವನ್ನೇ ಉಳಿಸಿ ಮಾರನೇ ದಿನ ಮತ್ತೆ ಪರೀಕ್ಷಿಸಿ. ಒಂದು ರಾತ್ರಿ ಕಳೆದ ಮೇಲೂ ನಡೆದರೆ ಮಾತ್ರ ಆ ವಿಳಾಸವನ್ನು ನಂಬಬಹುದು.

ಸಣ್ಣ ಸ್ಟೇಷನ್‌ಗಳ ವಿಳಾಸದ ಕೊನೆಯಲ್ಲಿ 8000ದಂಥ ಸಂಖ್ಯೆ ಬರುವುದು ತುಂಬಾ ಸಾಮಾನ್ಯ. ಇದಕ್ಕೆ ಪೋರ್ಟ್ ಅನ್ನುತ್ತಾರೆ, ಸರ್ವರ್‌ನ ಬಾಗಿಲ ಸಂಖ್ಯೆ ಇದ್ದಂತೆ. ಸಾಮಾನ್ಯವಾಗಿ ಶೌಟ್‌ಕಾಸ್ಟ್ ಅಥವಾ ಐಸ್‌ಕಾಸ್ಟ್ ಎಂಬ ಪ್ರಸಾರದ ತಂತ್ರಾಂಶ ಅಲ್ಲಿ ನಡೆಯುತ್ತಿದೆ ಎಂದು ಅದರ ಅರ್ಥ. ಆ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದರೆ ಹಾಡಿನ ಬದಲು ಮಾಹಿತಿಯ ಪುಟ ಬರಬಹುದು. ಐಸ್‌ಕಾಸ್ಟ್ ಆದರೆ ಆ ಪುಟದಲ್ಲೇ ಯಾವ ಯಾವ ಸ್ಟ್ರೀಮ್ ಇದೆ, ಎಷ್ಟು ಜನ ಕೇಳುತ್ತಿದ್ದಾರೆ ಅಂತ ತೋರಿಸುತ್ತದೆ. ಹಳೆಯ ಶೌಟ್‌ಕಾಸ್ಟ್ ಆದರೆ ವಿಳಾಸದ ಕೊನೆಗೆ ಓರೆಗೆರೆ ಮತ್ತು ಅರ್ಧವಿರಾಮ ಸೇರಿಸಿ ನೋಡಿ, ಪುಟದ ಬದಲು ಹಾಡೇ ಶುರುವಾಗುತ್ತದೆ.

## ಪರೀಕ್ಷೆ, ಆಮೇಲೆ ನಿಮ್ಮದೇ ಪಟ್ಟಿ

ವಿಎಲ್‌ಸಿ ಹಾಕಿಕೊಳ್ಳಿ. ಉಚಿತ, ಜಾಹೀರಾತಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದಕ್ಕೂ ಇದೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಜೊತೆ ಎನ್ ಒತ್ತಿದರೆ ನೆಟ್‌ವರ್ಕ್ ವಿಳಾಸ ಕೇಳುವ ಕಿಟಕಿ ಬರುತ್ತದೆ. ಕಾಪಿ ಮಾಡಿದ್ದನ್ನು ಅಂಟಿಸಿ ಪ್ಲೇ ಕೊಡಿ. ಕೆಲವೇ ಸೆಕೆಂಡಿನಲ್ಲಿ ಧ್ವನಿ ಬರಬೇಕು.

ಈಗ ಕಂಟ್ರೋಲ್ ಜೊತೆ ಜೆ ಒತ್ತಿ. ಕೋಡೆಕ್ ಯಾವುದು, ಸ್ಟೀರಿಯೋನಾ ಮೋನೋನಾ ಅಂತ ಅಲ್ಲಿ ಬರೆದಿರುತ್ತದೆ. ಎಂಪಿ3 ಅಥವಾ ಎಎಸಿ ಎರಡರಲ್ಲೊಂದು ಇರುವುದೇ ಹೆಚ್ಚು. ಒಂದೇ ಸ್ಟೇಷನ್ ಎರಡು ಮೂರು ಗುಣಮಟ್ಟದ ಸ್ಟ್ರೀಮ್ ಕೊಡುತ್ತಿದ್ದರೆ ಎಲ್ಲದರ ವಿಳಾಸವನ್ನೂ ತೆಗೆದಿಡಿ. ಮನೆಯ ವೈಫೈಗೆ ಒಂದು, ಹೊರಗಡೆ ಮೊಬೈಲ್ ಡೇಟಾಗೆ ಒಂದು.

ಹೀಗೆ ನಾಲ್ಕೈದು ಸ್ಟೇಷನ್ ಸೇರಿಸಿದ ಮೇಲೆ ಕಂಟ್ರೋಲ್ ಜೊತೆ ವೈ ಒತ್ತಿ ಪ್ಲೇಲಿಸ್ಟ್ ಉಳಿಸಿ. ಉಳಿಸುವಾಗ ಎಂ3ಯು8 ಬಗೆ ಆರಿಸಿ, ಸುಮ್ನೆ ಎಂ3ಯು ಅಲ್ಲ. ಇಲ್ಲಿ ಕೊನೆಯ 8 ಅಂದರೆ ಫೈಲ್ ಯುಟಿಎಫ್-8 ಬರಹದಲ್ಲಿದೆ ಎಂದರ್ಥ. ಆಗ ಸ್ಟೇಷನ್ನಿನ ಹೆಸರನ್ನು ಕನ್ನಡದಲ್ಲಿ ಬರೆದರೂ ಚೌಕ ಚೌಕವಾಗಿ ಕಾಣುವುದಿಲ್ಲ.

ಈ ಫೈಲನ್ನೂ ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ತೆರೆದು ನೋಡಿ. ಪ್ರತಿ ಸ್ಟೇಷನ್ನಿಗೆ ಎರಡು ಸಾಲು: ಹ್ಯಾಷ್ ಚಿಹ್ನೆಯಿಂದ ಶುರುವಾಗುವ ಸಾಲಿನ ಕೊನೆಗೆ ಅಲ್ಪವಿರಾಮದ ಆಚೆ ಹೆಸರು, ಅದರ ಕೆಳಗೆ ವಿಳಾಸ. ಹೆಸರನ್ನು ನಿಮಗೆ ಬೇಕಾದಂತೆ ತಿದ್ದಿ. ಯಾವುದಾದರೂ ವಿಳಾಸ ಬದಲಾದರೆ ಆ ಒಂದು ಸಾಲು ತಿದ್ದಿದರೆ ಆಯಿತು. ಫೈಲನ್ನು ನಿಮಗೇ ಒಂದು ಇಮೇಲ್ ಮಾಡಿಕೊಳ್ಳಿ, ಅಥವಾ ಡ್ರೈವ್‌ನಲ್ಲಿ ಹಾಕಿಡಿ. ಫೋನ್ ಬದಲಾದರೂ, ಕಂಪ್ಯೂಟರ್ ಕೆಟ್ಟರೂ ಪಟ್ಟಿ ನಿಮ್ಮದೇ.

## ಮೊಬೈಲ್‌ನಲ್ಲಿ

ಹೆಚ್ಚಿನವರು ಕೇಳುವುದು ಮೊಬೈಲ್‌ನಲ್ಲೇ, ಅಲ್ವಾ? ಆಂಡ್ರಾಯ್ಡ್‌ಗೆ ಟ್ರಾನ್ಸಿಸ್ಟರ್ ಎಂಬ ಸಣ್ಣ ಆ್ಯಪ್ ಇದೆ. ತೆರೆದ ಆಕರದ್ದು, ಜಾಹೀರಾತಿಲ್ಲ. ಸೇರಿಸುವ ಬಟನ್ ಒತ್ತಿದರೆ ರೇಡಿಯೋ ಬ್ರೌಸರ್ ಪಟ್ಟಿಯಿಂದ ಹುಡುಕಬಹುದು, ಅಥವಾ ನೀವು ತೆಗೆದ ವಿಳಾಸವನ್ನೇ ಅಂಟಿಸಬಹುದು. ಐಫೋನ್‌ನಲ್ಲಿ ವಿಎಲ್‌ಸಿಯ ನೆಟ್‌ವರ್ಕ್ ವಿಭಾಗದಲ್ಲಿ ವಿಳಾಸ ಅಂಟಿಸಿದರೆ ಸಾಕು. ಬೇರೆ ಯಾವ ಆ್ಯಪ್ ಆರಿಸಿದರೂ ಒಂದನ್ನು ನೋಡಿ: ನನ್ನದೇ ವಿಳಾಸ ಸೇರಿಸಲು ಜಾಗ ಇದೆಯಾ? ಇಲ್ಲದಿದ್ದರೆ ಅದನ್ನು ಹುಡುಕಾಟಕ್ಕೆ ಮಾತ್ರ ಇಟ್ಟುಕೊಳ್ಳಿ. ರೇಡಿಯೋ ಕೇಳಲು ಕಾಂಟ್ಯಾಕ್ಟ್ಸ್ ಅಥವಾ ಫೋಟೋ ನೋಡುವ ಅನುಮತಿ ಕೇಳುವ ಆ್ಯಪ್ ಬೇಡವೇ ಬೇಡ.

ಆಂಡ್ರಾಯ್ಡ್‌ನಲ್ಲಿ ಎಲ್ಲರಿಗೂ ಬರುವ ಒಂದು ತೊಂದರೆ: ಸ್ಕ್ರೀನ್ ಆಫ್ ಆಗಿ ಸ್ವಲ್ಪ ಹೊತ್ತಿಗೆ ರೇಡಿಯೋ ತಾನಾಗಿ ನಿಲ್ಲುತ್ತದೆ. ಸ್ಟೇಷನ್ನಿನ ದೋಷ ಅಲ್ಲ ಅದು. ಬ್ಯಾಟರಿ ಉಳಿಸಲು ಫೋನೇ ಆ್ಯಪ್ಪನ್ನು ನಿಲ್ಲಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್‌ಗಳಲ್ಲಿ ನಿಮ್ಮ ರೇಡಿಯೋ ಆ್ಯಪ್ ತೆರೆದು, ಬ್ಯಾಟರಿ ವಿಭಾಗದಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಅಂತ ಮಾಡಿ. ಕೆಲವು ಫೋನ್‌ಗಳಲ್ಲಿ ಇದಕ್ಕೆ ಬೇರೆ ಹೆಸರಿರುತ್ತದೆ, ಜಾಗ ಮಾತ್ರ ಹೆಚ್ಚುಕಡಿಮೆ ಇದೇ. ಡೇಟಾ ಸೇವರ್ ಹಾಕಿಕೊಂಡಿದ್ದರೆ ಅಲ್ಲೂ ಈ ಆ್ಯಪ್‌ಗೆ ವಿನಾಯಿತಿ ಕೊಡಿ.

ರಾತ್ರಿ ಕೇಳುತ್ತಾ ಮಲಗುವವರು ಸ್ಲೀಪ್ ಟೈಮರ್ ಹಾಕಿಕೊಳ್ಳಿ. ಇಲ್ಲದಿದ್ದರೆ ಬೆಳಗಿನವರೆಗೂ ಡೇಟಾ ಹರಿಯುತ್ತಿರುತ್ತದೆ.

## ಡೇಟಾ ಎಷ್ಟು ಬೇಕು?

ಲೆಕ್ಕ ಸುಲಭ. 64 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 8 ಕಿಲೋಬೈಟ್, ಗಂಟೆಗೆ ಸುಮಾರು 29 ಎಂಬಿ. 128 ಆದರೆ ಗಂಟೆಗೆ 58 ಎಂಬಿ, 320 ಆದರೆ 144 ಎಂಬಿ. ದಿನಕ್ಕೆ ಎರಡು ಗಂಟೆಯಂತೆ ತಿಂಗಳು ಪೂರ್ತಿ 64ರಲ್ಲಿ ಕೇಳಿದರೆ 1.7 ಜಿಬಿ, 128ರಲ್ಲಿ ಅದರ ಎರಡರಷ್ಟು. ವಿಡಿಯೋಗೆ ಹೋಲಿಸಿದರೆ ಇದು ತೀರಾ ಕಡಿಮೆ.

ಬರೀ ಸಂಖ್ಯೆ ನೋಡಿ ಗುಣಮಟ್ಟ ಅಳೆಯಬೇಡಿ. ಎಎಸಿ ಪ್ಲಸ್ ಎಂಬ ಕೋಡೆಕ್ 64ರಲ್ಲೇ ಕೇಳಲು ಚೆನ್ನಾಗಿರುತ್ತದೆ, ಎಂಪಿ3ಗೆ ಅದೇ 64 ಸಾಲುವುದಿಲ್ಲ, ಹಾಡು ಮಂಕಾಗಿ ಕೇಳಿಸುತ್ತದೆ. ವಾರ್ತೆ, ಹರಟೆ, ಕ್ರಿಕೆಟ್ ಕಾಮೆಂಟರಿಗೆ ಎಎಸಿ ಪ್ಲಸ್ 32 ಇದ್ದರೂ ಸಾಕು. ನನ್ನ ಸಲಹೆ ಕೇಳಿದರೆ, ಮೊಬೈಲ್ ಡೇಟಾದಲ್ಲಿ ಕಡಿಮೆ ಸಂಖ್ಯೆಯ ಎಎಸಿ, ವೈಫೈನಲ್ಲಿ 128 ಅಥವಾ ಅದಕ್ಕಿಂತ ಮೇಲಿನದು.

## ಸ್ಪೀಕರ್, ರೇಡಿಯೋ ಪೆಟ್ಟಿಗೆ

ಸ್ಮಾರ್ಟ್ ಸ್ಪೀಕರ್ ಇದ್ದರೆ ಸ್ಟೇಷನ್ನಿನ ಹೆಸರು ಹೇಳಿ ಪ್ಲೇ ಮಾಡು ಅಂದರೆ ಆಯಿತು. ತಪ್ಪು ಸ್ಟೇಷನ್ ಹಾಕಿದರೆ ಊರು, ಫ್ರೀಕ್ವೆನ್ಸಿ ಸೇರಿಸಿ ಹೇಳಿ. ಆಗಲೂ ಹಿಡಿಯದಿದ್ದರೆ ಫೋನ್‌ನಲ್ಲಿ ಹಾಕಿ ಬ್ಲೂಟೂತ್‌ನಿಂದ ಕಳಿಸುವುದೇ ನೆಮ್ಮದಿ.

ಹಿರಿಯರಿಗೆ ಫೋನ್ ಗೊಂದಲ ಬೇಡ ಅಂತ ವೈಫೈ ರೇಡಿಯೋ ಕೊಡಿಸುವವರಿದ್ದಾರೆ. ಒಳ್ಳೆಯ ಯೋಚನೆ. ಬಟನ್ ಒತ್ತಿದರೆ ಸ್ಟೇಷನ್ ಬರುತ್ತದೆ, ಬೇರೆ ತಲೆನೋವಿಲ್ಲ. ಆದರೆ ಕೊಳ್ಳುವ ಮುಂಚೆ ಒಂದು ವಿಷಯ ತಿಳಿದಿರಿ. ಈ ಪೆಟ್ಟಿಗೆಗಳು ಸ್ಟೇಷನ್‌ಗಳ ಪಟ್ಟಿಯನ್ನು ಯಾವುದೋ ಕಂಪನಿಯ ಸರ್ವರ್‌ನಿಂದ ತರುತ್ತವೆ. ರೆಸಿವಾ ಎಂಬ ಅಂಥ ಒಂದು ಪಟ್ಟಿ 2021ರಲ್ಲಿ ನಿಂತುಹೋಯಿತು. ಅದನ್ನು ನಂಬಿದ್ದ ಹಲವು ಬ್ರ್ಯಾಂಡ್‌ಗಳ ರೇಡಿಯೋಗಳಲ್ಲಿ ಯಂತ್ರ ಸರಿಯಿದ್ದರೂ ಪಟ್ಟಿ ಬರದಂತಾಯಿತು. ಸ್ಟೇಷನ್‌ಗಳಿಗೆ ಏನೂ ಆಗಿರಲಿಲ್ಲ. ಹಾಗಾಗಿ ಸ್ಟ್ರೀಮ್ ವಿಳಾಸವನ್ನು ಕೈಯಾರೆ ಸೇರಿಸಲು ಬಿಡುವ ರೇಡಿಯೋವನ್ನೇ ಕೊಳ್ಳಿ. ಡಬ್ಬಿಯ ಮೇಲೆ ಬರೆದಿಲ್ಲದಿದ್ದರೆ ಕೈಪಿಡಿಯನ್ನು ನೆಟ್‌ನಲ್ಲಿ ತೆರೆದು ನೋಡಿ.

## ಬರುವ ತೊಂದರೆಗಳು

‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಅಂತ ಬರುವುದುಂಟು. ಹಾಡಿನ ಹಕ್ಕು ದೇಶದಿಂದ ದೇಶಕ್ಕೆ ಬೇರೆ, ಅದಕ್ಕೆ ಸ್ಟೇಷನ್ನಿನವರೇ ಹೊರದೇಶಕ್ಕೆ ಬಾಗಿಲು ಹಾಕಿರುತ್ತಾರೆ. ಕೆಲವು ಸಲ ಮಾತ್ರ ಬಾಗಿಲು ಹಾಕಿರುವುದು ಪಟ್ಟಿಯವರು. 2019ರಲ್ಲಿ ಲಂಡನ್ನಿನ ನ್ಯಾಯಾಲಯವೊಂದು ಸಂಗೀತ ಕಂಪನಿಗಳ ಪರ ತೀರ್ಪು ಕೊಟ್ಟ ಮೇಲೆ ಟ್ಯೂನ್‌ಇನ್ ಬ್ರಿಟನ್ನಿನ ಕೇಳುಗರಿಗೆ ಹೊರದೇಶದ ಬಹುಪಾಲು ಸ್ಟೇಷನ್ ನಿಲ್ಲಿಸಿತು. 2022ರಲ್ಲಿ ರೇಡಿಯೋ ಗಾರ್ಡನ್ ಕೂಡ ಅಲ್ಲಿನವರಿಗೆ ಹೊರಗಿನ ಸ್ಟೇಷನ್ ನಿಲ್ಲಿಸಿತು. ಆ ಸ್ಟೇಷನ್‌ಗಳ ಸ್ವಂತ ವೆಬ್‌ಸೈಟ್‌ಗಳ ಮೇಲೆ ಈ ನಿರ್ಬಂಧ ಇರಲಿಲ್ಲ. ಆದ್ದರಿಂದ ಒಂದು ಕಡೆ ಬರಲಿಲ್ಲ ಅಂದ ಮಾತ್ರಕ್ಕೆ ಕೈಬಿಡಬೇಡಿ, ಸ್ಟೇಷನ್ನಿನ ಪುಟದಲ್ಲಿ ನೋಡಿ.

ದಿನವೆಲ್ಲ ಚೆನ್ನಾಗಿ ಬಂದು ಪಂದ್ಯದ ಹೊತ್ತಿಗೆ ಮಾತ್ರ ಮೌನವಾದರೆ, ಅಥವಾ ಬೇರೆ ಹಾಡು ಬಂದರೆ, ಅದು ಕ್ರೀಡೆಯ ಪ್ರಸಾರ ಹಕ್ಕಿನ ವಿಷಯ. ಎಫ್‌ಎಂನಲ್ಲಿ ಬಿಡಲು ಅನುಮತಿ ಇರುತ್ತದೆ, ನೆಟ್‌ನಲ್ಲಿ ಇರುವುದಿಲ್ಲ. ನಿಮ್ಮ ಕಡೆಯಿಂದ ಮಾಡುವಂಥದ್ದು ಏನೂ ಇಲ್ಲ.

ನಿಂತು ನಿಂತು ಬರುತ್ತಿದ್ದರೆ ಬಫರ್ ಹೆಚ್ಚಿಸಿ. ವಿಎಲ್‌ಸಿಯಲ್ಲಿ ವಿಳಾಸ ಅಂಟಿಸುವ ಕಿಟಕಿಯಲ್ಲೇ ‘ಷೋ ಮೋರ್ ಆಪ್ಷನ್ಸ್’ ಟಿಕ್ ಮಾಡಿದರೆ ಕ್ಯಾಷಿಂಗ್ ಎಂಬ ಜಾಗದಲ್ಲಿ 1000 ಮಿಲಿಸೆಕೆಂಡ್ ಇರುತ್ತದೆ. 5000 ಮಾಡಿ. ಐದು ಸೆಕೆಂಡಿನ ಧ್ವನಿ ಮೊದಲೇ ತುಂಬಿಕೊಂಡು ಶುರುವಾಗುತ್ತದೆ, ನಡುವೆ ನೆಟ್ ಸ್ವಲ್ಪ ಎಡವಿದರೂ ಹಾಡು ನಿಲ್ಲುವುದಿಲ್ಲ.

ಆಫೀಸಿನ ನೆಟ್‌ನಲ್ಲಿ ಬರುತ್ತಿಲ್ಲ, ಮೊಬೈಲ್ ಡೇಟಾದಲ್ಲಿ ಬರುತ್ತಿದೆ ಅಂದರೆ 8000ದಂಥ ಪೋರ್ಟ್‌ಗಳನ್ನು ಅಲ್ಲಿ ಮುಚ್ಚಿರಬಹುದು. ಎಚ್‌ಟಿಟಿಪಿಎಸ್ ಎಂದು ಶುರುವಾಗಿ, ಪೋರ್ಟ್ ಸಂಖ್ಯೆ ಇಲ್ಲದ ವಿಳಾಸ ಇದೆಯಾ ಅಂತ ಹುಡುಕಿ. ವಿಎಲ್‌ಸಿಯಲ್ಲಿ ಬರುವ ಸ್ಟ್ರೀಮ್ ಯಾವುದೋ ವೆಬ್ ಪುಟದಲ್ಲಿ ಬರುವುದಿಲ್ಲ ಎಂದಾದರೂ ಕಾರಣ ಇದರ ಹತ್ತಿರದ್ದೇ: ಸುರಕ್ಷಿತ ಪುಟದ ಒಳಗೆ ಬರೀ ಎಚ್‌ಟಿಟಿಪಿ ಸ್ಟ್ರೀಮ್ ನಡೆಸಲು ಬ್ರೌಸರ್‌ಗಳು ಬಿಡುವುದಿಲ್ಲ.

ಇನ್ನು ತಡ. ಇದು ತೊಂದರೆ ಅಲ್ಲ, ಸ್ವಭಾವ. ಐಸ್‌ಕಾಸ್ಟ್ ಸ್ಟ್ರೀಮ್ ಎಫ್‌ಎಂಗಿಂತ ಹಲವು ಸೆಕೆಂಡ್ ಹಿಂದೆ ಇರುತ್ತದೆ. ಎಚ್‌ಎಲ್‌ಎಸ್ ಆದರೆ ಅರ್ಧ ನಿಮಿಷ ಹಿಂದೆ ಬಿದ್ದರೂ ಆಶ್ಚರ್ಯ ಇಲ್ಲ. ರೇಡಿಯೋದ ಗಂಟೆ ಬೀಪ್ ಕೇಳಿ ಗಡಿಯಾರ ಸರಿ ಮಾಡಬೇಡಿ. ಟಿವಿಯಲ್ಲಿ ಪಂದ್ಯ ನೋಡುತ್ತಾ ರೇಡಿಯೋ ಕಾಮೆಂಟರಿ ಕೇಳಬೇಕಿದ್ದರೆ ಟಿವಿಯನ್ನು ಪಾಜ್ ಮಾಡಿ (ಸ್ವಲ್ಪ ತಡೆದು) ರೇಡಿಯೋ ಧ್ವನಿಗೆ ಹೊಂದಿಸಿ, ಧ್ವನಿಯನ್ನು ಮುಂದೆ ತಳ್ಳಲು ಆಗುವುದಿಲ್ಲ. ಬೇರೆ ದೇಶದ ಸ್ಟೇಷನ್ ಆದರೆ ಕಾರ್ಯಕ್ರಮದ ವೇಳೆ ಅಲ್ಲಿನ ಗಡಿಯಾರದ್ದು. ಅಮೆರಿಕ, ಯುರೋಪಿನಂಥ ಕಡೆ ವರ್ಷಕ್ಕೆರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ಫೋನಿನ ವಿಶ್ವ ಗಡಿಯಾರದಲ್ಲಿ ಆ ಊರನ್ನು ಸೇರಿಸಿಟ್ಟರೆ ಗೊಂದಲ ಇರುವುದಿಲ್ಲ.

ಒಂದು ಮಾತು ಗಂಭೀರವಾಗಿ ಹೇಳಬೇಕು. ಬಿರುಗಾಳಿ, ಪ್ರವಾಹದ ಹೊತ್ತಿಗೆ ಇಂಟರ್‌ನೆಟ್ ರೇಡಿಯೋ ಮೇಲೆ ಭರವಸೆ ಇಡಬೇಡಿ. ಕರೆಂಟ್ ಹೋಗಿ ಮೊಬೈಲ್ ಟವರ್ ಕೂಡ ನಿಂತರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತದೆ. ನೀವಿರುವ ಊರಿನ ಎಚ್ಚರಿಕೆ ಕೇಳಲು ಬ್ಯಾಟರಿಯ ಸಾಮಾನ್ಯ ರೇಡಿಯೋ ಒಂದು ಮನೆಯಲ್ಲಿರಲಿ. ಎಫ್‌ಎಂ ರಿಸೀವರ್ ಇರುವ ಫೋನ್ ಆದರೂ ಆಗುತ್ತದೆ. ಅದಕ್ಕೆ ಡೇಟಾ ಬೇಡ, ಆದರೆ ತಂತಿಯ ಇಯರ್‌ಫೋನ್ ಬೇಕು, ಆ ತಂತಿಯೇ ಆಂಟೆನಾ.

## ರೆಕಾರ್ಡ್ ಮಾಡುವುದು

ನಡುರಾತ್ರಿಯ ಕಾರ್ಯಕ್ರಮಕ್ಕೆ ಎಚ್ಚರ ಇರಬೇಕಿಲ್ಲ. ಮೊದಲು ಸ್ಟೇಷನ್ನಿನ ಪುಟದಲ್ಲಿ ಪಾಡ್‌ಕಾಸ್ಟ್ ಅಥವಾ ಹಳೆಯ ಕಂತುಗಳಿವೆಯಾ ನೋಡಿ. ಇಲ್ಲದಿದ್ದರೆ ವಿಎಲ್‌ಸಿಯ ‘ವ್ಯೂ’ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಕಂಟ್ರೋಲ್ಸ್’ ಆರಿಸಿ. ಕೆಂಪು ಬಟನ್ ಒಂದು ಬರುತ್ತದೆ. ಒಮ್ಮೆ ಒತ್ತಿದರೆ ಶುರು, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಸ್ವಂತಕ್ಕೆ ಕೇಳಲು ರೆಕಾರ್ಡ್ ಮಾಡುವ ಬಗ್ಗೆಯೂ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಅದನ್ನು ಮತ್ತೆ ಬೇರೆ ಕಡೆ ಹಾಕುವುದಂತೂ ಮಾಡಬೇಡಿ.

## ಸ್ಟ್ರೀಮೇ ಇಲ್ಲದ ಸ್ಟೇಷನ್

ನೆಟ್‌ಗೆ ಬರದ ಸ್ಟೇಷನ್‌ಗಳು ಇನ್ನೂ ಇವೆ. ಅವು ಮೀಡಿಯಂ ವೇವ್ ಅಥವಾ ಶಾರ್ಟ್ ವೇವ್ ಆಗಿದ್ದರೆ ಒಂದು ಸೊಗಸಾದ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಹವ್ಯಾಸಿಗಳು ತಮ್ಮ ಮನೆಯ ಆಂಟೆನಾ ಮತ್ತು ರಿಸೀವರ್ ಅನ್ನು ನೆಟ್‌ಗೆ ಜೋಡಿಸಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ನೀವು ಎಲ್ಲೇ ಇರಿ, ಬ್ರೌಸರ್‌ನಿಂದ ಆ ರಿಸೀವರ್‌ನ ಫ್ರೀಕ್ವೆನ್ಸಿ ತಿರುಗಿಸಬಹುದು. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಇದರಲ್ಲಿ ಹೆಸರುವಾಸಿ. ಜಗತ್ತಿನ ನಾನಾ ಕಡೆ ಇರುವುದು ಕಿವಿಎಸ್‌ಡಿಆರ್ ಎಂಬ ಪುಟ್ಟ ಯಂತ್ರಗಳು. ಅವು 30 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತವೆ. ಎಫ್‌ಎಂ ಅದಕ್ಕಿಂತ ಮೇಲಿದೆ, ಹಾಗಾಗಿ ಎಫ್‌ಎಂ ಸಿಗುವುದಿಲ್ಲ.

ಮಾಡಬೇಕಾದದ್ದು ಹೀಗೆ. ಕಿವಿಎಸ್‌ಡಿಆರ್‌ಗಳ ಸಾರ್ವಜನಿಕ ನಕ್ಷೆ ತೆರೆದು ನಿಮ್ಮ ಸ್ಟೇಷನ್ನಿಗೆ ಹತ್ತಿರದ ರಿಸೀವರ್ ಆರಿಸಿ. ಫ್ರೀಕ್ವೆನ್ಸಿ ಜಾಗದಲ್ಲಿ ಕಿಲೋಹರ್ಟ್ಸ್ ಸಂಖ್ಯೆ ಬರೆಯಿರಿ, ಮೋಡ್ ಎಎಂ ಮಾಡಿ. ಪರದೆಯ ಮೇಲೆ ಬಣ್ಣದ ಜಲಪಾತದಂತೆ ಅಲೆಗಳ ಚಿತ್ರ ಇಳಿಯುತ್ತಿರುತ್ತದೆ. ದಪ್ಪ ಹೊಳೆಯುವ ಗೆರೆ ಇದ್ದಲ್ಲಿ ಸ್ಟೇಷನ್ ಇದೆ ಎಂದರ್ಥ, ಅದರ ಮೇಲೆ ಕ್ಲಿಕ್ ಮಾಡಿದರೂ ಸಾಕು. ಹಗಲು ಹೊತ್ತಿನಲ್ಲಿ ಮೀಡಿಯಂ ವೇವ್ ನೆಲದ ಗುಂಟ ಹತ್ತಿರಕ್ಕಷ್ಟೇ ಬರುತ್ತದೆ. ಕತ್ತಲಾದ ಮೇಲೆ ಅಲೆಗಳು ವಾತಾವರಣದ ಮೇಲಿನ ಪದರಕ್ಕೆ ತಾಗಿ ಹಿಂದಿರುಗಿ ನೂರಾರು ಕಿಲೋಮೀಟರ್ ದೂರ ಬೀಳುತ್ತವೆ. ಹತ್ತಿರದ ರಿಸೀವರ್ ಸಿಗದಿದ್ದರೆ ಆ ಊರಿನಲ್ಲಿ ರಾತ್ರಿಯಾಗುವವರೆಗೆ ಕಾಯಿರಿ. ಒಂದು ಯಂತ್ರದಲ್ಲಿ ಒಮ್ಮೆಗೆ ಕೆಲವೇ ಜನ ಕೇಳಲು ಆಗುತ್ತದೆ, ಆದ್ದರಿಂದ ಕೇಳಿ ಮುಗಿದ ಮೇಲೆ ಆ ಟ್ಯಾಬ್ ಮುಚ್ಚಿ ಇನ್ನೊಬ್ಬರಿಗೆ ಜಾಗ ಬಿಡಿ.

## ಕೊನೆಗೆ, ಸ್ಟೇಷನ್ನಿಗೇ ಬರೆಯಿರಿ

ಇಷ್ಟೆಲ್ಲ ಮಾಡಿಯೂ ವಿಳಾಸ ಸಿಗಲಿಲ್ಲವಾ? ಅವರಿಗೇ ಒಂದು ಇಮೇಲ್ ಮಾಡಿ. ದೊಡ್ಡ ಜಾಲದವರು ಉತ್ತರ ಕೊಡದಿರಬಹುದು. ಸಣ್ಣ ಸ್ಟೇಷನ್‌ಗಳಲ್ಲಿ ಸ್ಟ್ರೀಮ್ ನೋಡಿಕೊಳ್ಳುವುದು ಹೆಚ್ಚಾಗಿ ಒಬ್ಬರೇ, ದೂರದ ಕೇಳುಗರು ಬರೆದರೆ ಅವರಿಗೆ ಖುಷಿಯಾಗುತ್ತದೆ. ‘ನಿಮ್ಮ ನೇರ ಸ್ಟ್ರೀಮ್ ವಿಳಾಸ ಕೊಡಿ, ನನ್ನ ಪ್ಲೇಯರ್‌ನಲ್ಲಿ ಹಾಕಿಕೊಳ್ಳಬೇಕು’ ಅಂತ ಬಿಡಿಸಿ ಬರೆಯಿರಿ.

ದೂರು ಹೇಳುವಾಗ ‘ಬರ್ತಾ ಇಲ್ಲ’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ದೇಶದಿಂದ, ಯಾವ ವಿಳಾಸ ಹಾಕಿದಾಗ, ಪರದೆಯ ಮೇಲೆ ಏನು ಬಂತು ಎಂದು ಬರೆಯಿರಿ. ಸಂಜೆ ಹೊತ್ತು ಮಾತ್ರ ಕೈಕೊಡುತ್ತದೆ ಎಂದಾದರೆ ಅದನ್ನು ಖಂಡಿತ ಸೇರಿಸಿ, ಆಗ ಕೇಳುಗರು ಹೆಚ್ಚಾಗಿ ಜಾಗ ತುಂಬಿರಬಹುದು. ಐಸ್‌ಕಾಸ್ಟ್‌ನ ಮೂಲ ಸೆಟ್ಟಿಂಗ್‌ನಲ್ಲಿ ಒಮ್ಮೆಗೆ 100 ಸಂಪರ್ಕಗಳಿಗೆ ಮಾತ್ರ ಅವಕಾಶ ಇರುತ್ತದೆ, ಅದನ್ನು ಯಾರೂ ಬದಲಿಸದೆ ಬಿಟ್ಟಿರಬಹುದು. ಸರ್ವರ್‌ಗೆ ತಾಕತ್ತಿದ್ದರೆ ಆ ಸಂಖ್ಯೆ ಏರಿಸುವುದು ಅವರಿಗೆ ಒಂದು ಸಾಲಿನ ಕೆಲಸ.